ಏರೇಟರ್ ಉಳಿಸುವುದು ಯಾರ ದುಡ್ಡು?

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಹೋಟೆಲ್, ಮಾಲ್, ಕಾರ್ಖಾನೆ, ಅಪಾರ್ಟ್‌ಮೆಂಟ್‌ಗಳ ನಲ್ಲಿಗೆ ಏರೇಟರ್ ಕಡ್ಡಾಯ ಮಾಡಿತು. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದ್ದ ದಿನಗಳವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶವೂ ಅದೇ ತಿಂಗಳು ಬಂದಿತ್ತು. ಬಿಡಿ ಮನೆಗಳವರಿಗೆ ಏರೇಟರ್ ಕಡ್ಡಾಯವಾಗಲಿಲ್ಲ, ಹಾಕಿಕೊಳ್ಳಿ ಎಂಬ ಮನವಿಯಷ್ಟೇ. ಶೇ 60ರಿಂದ 85ರಷ್ಟು ನೀರು ಉಳಿಯುತ್ತದೆ ಎಂಬ ಮಾತು ಆಗ ಎಲ್ಲೆಡೆ ಹರಿದಾಡಿತು. ಅದು ಮನೆಮನೆಗೆ ಮುಟ್ಟುವ ಹೊತ್ತಿಗೆ ‘ನೀರಿನ ಬಿಲ್ ಅರ್ಧಕ್ಕರ್ಧ ಇಳಿಯುತ್ತದೆ’ ಎಂದಾಗಿತ್ತು.

ಹಾಗೆ ನಂಬಿ ಹಾಕಿಸಿದವರಲ್ಲಿ ಬಹಳಷ್ಟು ಮಂದಿಗೆ ಬಿಲ್ಲಿನಲ್ಲಿ ವ್ಯತ್ಯಾಸ ಕಂಡಿರಲಾರದು. ಅದರಲ್ಲಿ ಉಪಕರಣದ ತಪ್ಪೇನಿಲ್ಲ. ತಪ್ಪಿರುವುದು ಲೆಕ್ಕದಲ್ಲಿ.

ಏರೇಟರ್ ಎಂದರೆ ನಲ್ಲಿಯ ಬಾಯಿಗೆ ತಿರುಚಿ ಕೂರಿಸುವ ಸಣ್ಣ ಬಿಲ್ಲೆ. ಒಳಗಿನ ಕಿರಿದಾದ ರಂಧ್ರಗಳು ಹರಿವನ್ನು ತಗ್ಗಿಸುತ್ತವೆ, ಜಾಲರಿ ನೀರಿಗೆ ಗಾಳಿ ಬೆರೆಸುತ್ತದೆ. ಧಾರೆ ದಪ್ಪಗೆ, ಮೃದುವಾಗಿ ಕಂಡರೂ ಅದರಲ್ಲಿರುವ ನೀರು ಕಡಿಮೆ. ಒತ್ತಡ ಚೆನ್ನಾಗಿರುವ ಸಾಮಾನ್ಯ ನಲ್ಲಿಯಿಂದ ನಿಮಿಷಕ್ಕೆ 10ರಿಂದ 15 ಲೀಟರ್ ನೀರು ಬಂದರೆ, ಏರೇಟರ್ ಹಾಕಿದ ನಲ್ಲಿಯಿಂದ 3ರಿಂದ 6 ಲೀಟರ್ ಬರುತ್ತದೆ. ಶೇ 60ರಿಂದ 85 ಎಂಬಂಥ ಅಂಕಿ ಹುಟ್ಟುವುದು ಇಂಥ ಹೋಲಿಕೆಯಿಂದ. ಅದು ಒಂದು ನಲ್ಲಿಯಿಂದ ಒಂದು ನಿಮಿಷದಲ್ಲಿ ಬೀಳುವ ನೀರಿನ ಲೆಕ್ಕ. ಮನೆಯ ಒಟ್ಟು ಬಳಕೆಯ ಲೆಕ್ಕವೇ ಬೇರೆ.

ನಮ್ಮ ಮನೆಗಳಲ್ಲಿ ನೀರು ಹೇಗೆ ಖರ್ಚಾಗುತ್ತದೆ ಎಂದು ನೋಡೋಣ. ಭಾರತೀಯ ಮಾನಕ ಬ್ಯೂರೋದ ಹಳೆಯ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು. ಸ್ನಾನಕ್ಕೆ 55, ಫ್ಲಶ್‌ಗೆ 30, ಬಟ್ಟೆಗೆ 20, ಪಾತ್ರೆಗೆ 10, ನೆಲ ಒರೆಸಲು 10, ಅಡುಗೆಗೂ ಕುಡಿಯಲೂ ತಲಾ 5. ಇದರಲ್ಲಿ ಫ್ಲಶ್ ಟ್ಯಾಂಕ್ ತುಂಬುವುದು ಬೇರೆ ಪೈಪಿನಿಂದ, ವಾಷಿಂಗ್ ಮಷಿನ್ ತನಗೆ ಬೇಕಾದಷ್ಟನ್ನು ಅಳೆದೇ ಎಳೆದುಕೊಳ್ಳುತ್ತದೆ. ಬಿಂದಿಗೆ, ಬಕೆಟ್, ಕುಕ್ಕರ್ ತುಂಬುವಾಗ ಏರೇಟರ್ ಒಂದು ತೊಟ್ಟನ್ನೂ ಉಳಿಸದು. 20 ಲೀಟರಿನ ಬಕೆಟ್ಟಿಗೆ 20 ಲೀಟರ್ ಬೇಕೇ ಬೇಕು, ಬಚ್ಚಲಲ್ಲಿ ನಿಂತು ಕಾಯುವ ಹೊತ್ತು ಮಾತ್ರ ಹೆಚ್ಚುತ್ತದೆ. ಬಕೆಟ್ಟು, ಚೊಂಬಿನಲ್ಲಿ ಸ್ನಾನ ಮಾಡುವ ಮನೆಗಳು ಈಗಾಗಲೇ ಅಳತೆಯಲ್ಲಿಯೇ ನೀರು ಬಳಸುತ್ತಿವೆ. ಏರೇಟರ್ ನಿಜವಾಗಿ ಕೆಲಸ ಮಾಡುವುದು ನಲ್ಲಿ ತೆರೆದಿಟ್ಟುಕೊಂಡು ಮಾಡುವ ಕೆಲಸಗಳಲ್ಲಿ: ಕೈ ತೊಳೆಯುವಾಗ, ಹಲ್ಲುಜ್ಜುವಾಗ, ಸಿಂಕಿನಲ್ಲಿ ಪಾತ್ರೆ ತಿಕ್ಕುವಾಗ, ತರಕಾರಿ ತೊಳೆಯುವಾಗ. ಇವೆಲ್ಲ ಸೇರಿದರೂ ಒಬ್ಬರಿಗೆ 20ರಿಂದ 25 ಲೀಟರ್ ಎಂದಿಟ್ಟುಕೊಳ್ಳಬಹುದು. ಅದರಲ್ಲಿ ಅರ್ಧ ಉಳಿದರೆ ನಾಲ್ವರ ಮನೆಯಲ್ಲಿ ದಿನಕ್ಕೆ 50 ಲೀಟರ್, ತಿಂಗಳಿಗೆ 1,500 ಲೀಟರ್.

ಇದು ಧಾರಾಳ ಅಂದಾಜು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ತನ್ನ ‘ವಾಟರ್‌ಸೆನ್ಸ್’ ಮುದ್ರೆ ಇರುವ ನಲ್ಲಿ ಅಥವಾ ಏರೇಟರ್ ಹಾಕಿದ ಕುಟುಂಬಕ್ಕೆ ವರ್ಷಕ್ಕೆ 700 ಗ್ಯಾಲನ್ ಉಳಿಯುತ್ತದೆ ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 2,650 ಲೀಟರ್. ಇಡೀ ವರ್ಷಕ್ಕೆ ಅಷ್ಟೇ! ಅಲ್ಲಿ ನಲ್ಲಿಗಳ ಹರಿವಿಗೆ 1992ರ ಕಾನೂನಿನಿಂದಲೇ ಮಿತಿ ಇದೆ, ಹಾಗಾಗಿ ಇನ್ನು ಉಳಿಸಲು ಉಳಿದಿರುವುದೂ ಕಡಿಮೆ. ನಮ್ಮ ನಲ್ಲಿಗಳಿಗೆ ಅಂಥ ಲಗಾಮಿಲ್ಲದ್ದರಿಂದ 1,500 ಲೀಟರನ್ನೇ ಹಿಡಿದು ಮುಂದುವರಿಯೋಣ.

ಬೆಂಗಳೂರಿನ ಕಾವೇರಿ ನೀರಿನ ದರ 2014ರಿಂದ ಹನ್ನೊಂದು ವರ್ಷ ಬದಲಾಗಿರಲಿಲ್ಲ. ಮನೆ ಸಂಪರ್ಕಕ್ಕೆ ಮೊದಲ 8,000 ಲೀಟರಿಗೆ ಸಾವಿರ ಲೀಟರಿಗೆ 7 ರೂಪಾಯಿ, ಅಲ್ಲಿಂದ 25,000ದವರೆಗೆ 11 ರೂಪಾಯಿ ಇತ್ತು. 2025ರ ಏಪ್ರಿಲ್‌ನಲ್ಲಿ ಅದು ಕ್ರಮವಾಗಿ ಲೀಟರಿಗೆ 0.15 ಪೈಸೆ, 0.40 ಪೈಸೆ ಏರಿತು. ಅಂದರೆ ಸಾವಿರ ಲೀಟರಿಗೆ ಎಂಟೂವರೆ ಮತ್ತು 15 ರೂಪಾಯಿ. ಮುಂದೆ ಪ್ರತಿ ಏಪ್ರಿಲ್‌ಗೆ ಶೇ 3ರ ಏರಿಕೆಯೂ ನಿಗದಿಯಾಯಿತು. ನಾಲ್ವರ ಮನೆ ಮಾನಕದಂತೆಯೇ ಬಳಸಿದರೆ ತಿಂಗಳಿಗೆ 16,200 ಲೀಟರ್, 2025ರ ದರದಲ್ಲಿ ನೀರಿನ ಬಾಬ್ತು 190 ರೂಪಾಯಿ ಚಿಲ್ಲರೆ. ಏರೇಟರ್ ಉಳಿಸಿದ 1,500 ಲೀಟರಿನ ಬೆಲೆ 22 ರೂಪಾಯಿ 50 ಪೈಸೆ. ಒಳಚರಂಡಿ ಶುಲ್ಕ ಸೇರಿಸಿದರೂ 30 ರೂಪಾಯಿ ದಾಟುವುದು ಕಷ್ಟ. ಒಂದಕ್ಕೆ 150 ರೂಪಾಯಿಯಂತೆ ಆರು ನಲ್ಲಿಗೆ ಹಾಕಿಸಿದವರ ಹಣ ವಾಪಸಾಗಲು ಎರಡೂವರೆ ವರ್ಷ ಬೇಕು. ಅಷ್ಟರೊಳಗೆ ಬೋರ್‌ವೆಲ್ಲಿನ ಗಡಸು ನೀರು ಜಾಲರಿಯ ಮೇಲೆ ಬಿಳಿ ಉಪ್ಪು ಕಟ್ಟಿಸಿರುತ್ತದೆ. ಅದನ್ನು ಆಗಾಗ ಬಿಚ್ಚಿ ನಿಂಬೆರಸದಲ್ಲೋ ವಿನೆಗರಿನಲ್ಲೋ ನೆನೆಸಿ ಉಜ್ಜದಿದ್ದರೆ ಧಾರೆ ಕುಂಟುತ್ತದೆ, ಕೊನೆಗೊಂದು ದಿನ ಮನೆಯವರೇ ಕಿತ್ತೆಸೆಯುತ್ತಾರೆ.

ಟ್ಯಾಂಕರ್ ನೀರು ಕೊಳ್ಳುವ ಮನೆಯ ಲೆಕ್ಕ ಪೂರ್ತಿ ಬೇರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಮಾಡಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಸಾವಿರ ಲೀಟರಿಗೆ 83 ರೂಪಾಯಿ ಆಯಿತು, ಆಗಿನ ಕಾವೇರಿ ನೀರಿನ ಮೊದಲ ಹಂತದ ದರದ ಸುಮಾರು ಹನ್ನೆರಡು ಪಟ್ಟು. ಆ ಬೇಸಿಗೆಯಲ್ಲಿ ಅದರ ದುಪ್ಪಟ್ಟು ತೆತ್ತವರೂ ಕಡಿಮೆಯಿಲ್ಲ. ಸರ್ಕಾರಿ ದರವನ್ನೇ ಹಿಡಿದರೂ 1,500 ಲೀಟರಿಗೆ 125 ರೂಪಾಯಿ. ನೂರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೆ ಒಂದೂವರೆ ಲಕ್ಷ ಲೀಟರ್, ಹನ್ನೆರಡು ಹದಿಮೂರು ಟ್ಯಾಂಕರ್, ಹನ್ನೆರಡೂವರೆ ಸಾವಿರ ರೂಪಾಯಿ. ಏರೇಟರಿಗೆ ಹಾಕಿದ ಹಣ ವರ್ಷದೊಳಗೆ ಕೈಸೇರುತ್ತದೆ.

ಕೈಸೇರುವುದು ಯಾರಿಗೆ ಎಂಬುದು ಮುಂದಿನ ಪ್ರಶ್ನೆ. ನಗರದ ಬಹುಪಾಲು ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಖರ್ಚನ್ನು ಮೇಂಟೆನೆನ್ಸ್ ಶುಲ್ಕದೊಳಗೆ ಸೇರಿಸಿ, ಚದರಡಿ ಲೆಕ್ಕದಲ್ಲೋ ಸಮಪಾಲಿನಲ್ಲೋ ಹಂಚುತ್ತಾರೆ. ಇಬ್ಬರೇ ಇದ್ದು ಎಲ್ಲ ನಲ್ಲಿಗೂ ಏರೇಟರ್ ಹಾಕಿಸಿದ ಹಿರಿಯರು ಕೊಡುವುದೂ, ಆರು ಜನರಿದ್ದು ಬಾಲ್ಕನಿಯನ್ನು ದಿನಾ ಪೈಪಿನಲ್ಲಿ ತೊಳೆಯುವವರು ಕೊಡುವುದೂ ಒಂದೇ ಮೊತ್ತ. ಉಳಿಸಿದವರ ನೀರು ನೂರು ಪಾಲಾಗಿ ಹಂಚಿಹೋಗುತ್ತದೆ. ಇದು ಸರಳವಾದ ಅನ್ಯಾಯ, ಇದನ್ನು ಸರಿಪಡಿಸದೆ ಉಳಿತಾಯದ ಪಾಠ ಹೇಳುವುದು ಸಲ್ಲದು. ಮನೆಗೊಂದು ಸಬ್‌ಮೀಟರ್ ಇದ್ದರೆ ಜನ ಯಾರೂ ಹೇಳದೆಯೇ ನಲ್ಲಿ ತಿರುಗಿಸುತ್ತಾರೆ. ರಾಜ್ಯದ ಎಷ್ಟೋ ಪಟ್ಟಣಗಳಲ್ಲಂತೂ ನಲ್ಲಿಗೆ ಮೀಟರೇ ಇಲ್ಲ, ತಿಂಗಳಿಗಿಷ್ಟು ಎಂದು ಕಟ್ಟಿದರಾಯಿತು. ಅಲ್ಲಿ ಎಷ್ಟು ಉಳಿಸಿದರೂ ಬಿಲ್ ಒಂದು ಪೈಸೆ ಇಳಿಯದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ವಿಶ್ವಬ್ಯಾಂಕ್ ನೆರವಿನ 24 ಗಂಟೆ ನೀರಿನ ಯೋಜನೆ ಬಂದಾಗ ಮನೆಮನೆಗೆ ಮೀಟರನ್ನೂ ಕೂರಿಸಿದರು. ಅಂಥ ಕಡೆ ಮಾತ್ರ ಉಳಿಸಿದ ಲೀಟರಿಗೂ ಕಟ್ಟುವ ರೂಪಾಯಿಗೂ ನೇರ ಸಂಬಂಧವಿರುತ್ತದೆ.

ಹಣದ ಲೆಕ್ಕದಲ್ಲಿ ಏರೇಟರ್ ಗೆಲ್ಲುವ ಜಾಗ ಮನೆಯ ಹೊರಗಿದೆ. ಬೆಳಗಿನ ದರ್ಶಿನಿಯ ಕೈ ತೊಳೆಯುವ ಬೇಸಿನ್ನನ್ನು ನೋಡಿ. ಬಕೆಟ್ಟಿಲ್ಲ, ಪಾತ್ರೆಯಿಲ್ಲ, ತೆರೆದ ನಲ್ಲಿ, ಒಂದರ ಹಿಂದೊಂದು ಕೈ. ಹತ್ತು ಸೆಕೆಂಡ್ ಕೈ ತೊಳೆಯಲು ಸಾಮಾನ್ಯ ನಲ್ಲಿಯಲ್ಲಿ 2 ಲೀಟರ್ ಹೋದರೆ, ನಿಮಿಷಕ್ಕೆ 3 ಲೀಟರಿನ ಏರೇಟರಿನಲ್ಲಿ ಅರ್ಧ ಲೀಟರ್. ದಿನಕ್ಕೆ ಸಾವಿರ ಮಂದಿ ಬರುವ ಹೋಟೆಲಿಗೆ 1,500 ಲೀಟರ್ ಉಳಿಯುತ್ತದೆ, ಮನೆಯೊಂದರ ತಿಂಗಳ ಉಳಿತಾಯ ಅಲ್ಲಿ ಒಂದೇ ದಿನದ್ದು. ವಾಣಿಜ್ಯ ಸಂಪರ್ಕಕ್ಕೆ ಹಳೆಯ ದರವೇ ಸಾವಿರ ಲೀಟರಿಗೆ 50ರಿಂದ 87 ರೂಪಾಯಿ ಇತ್ತು. ತಿಂಗಳಿಗೆ ಎರಡು ಮೂರು ಸಾವಿರ ರೂಪಾಯಿ ಉಳಿಯುವಾಗ ನೂರಿನ್ನೂರು ರೂಪಾಯಿಯ ಬಿಲ್ಲೆಗೆ ಹಿಂದೆಮುಂದೆ ನೋಡುವ ಕಾರಣವೇ ಇಲ್ಲ. ಕಡ್ಡಾಯವನ್ನು ಮೊದಲು ಇಂಥವರ ಮೇಲೆ ಹೇರಿದ ಜಲಮಂಡಳಿಯ ನಿರ್ಧಾರ ಸರಿಯಾಗಿಯೇ ಇತ್ತು.

ಮನೆಯಲ್ಲೂ ದುಡ್ಡು ಉಳಿಯುವ ದಾರಿ ಒಂದಿದೆ, ಅದು ಬಿಸಿನೀರಿನದು. ನಿಮಿಷಕ್ಕೆ 10 ಲೀಟರ್ ಸುರಿಯುವ ಶವರಿನಲ್ಲಿ ಐದು ನಿಮಿಷ ನಿಂತರೆ 50 ಲೀಟರ್. ಅಷ್ಟನ್ನು 25 ಡಿಗ್ರಿಯಿಂದ 40ಕ್ಕೆ ಕಾಯಿಸಲು ಸುಮಾರು 0.87 ಯೂನಿಟ್ ವಿದ್ಯುತ್ ಬೇಕು. ಹರಿವನ್ನು 6 ಲೀಟರಿಗೆ ಇಳಿಸಿದರೆ 0.52 ಸಾಕು. ನಾಲ್ವರ ಮನೆಯಲ್ಲಿ ತಿಂಗಳಿಗೆ 42 ಯೂನಿಟ್ ಉಳಿತಾಯ, ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 250 ರೂಪಾಯಿ. ನೀರಿನ ಬಿಲ್ಲಿನಲ್ಲಿ ಸಿಕ್ಕದ್ದು ಕರೆಂಟ್ ಬಿಲ್ಲಿನಲ್ಲಿ ಸಿಗುತ್ತದೆ. ಆದರೆ ಇದು ಗೀಸರ್ ಮತ್ತು ಶವರ್ ಎರಡೂ ಇರುವ ಮನೆಗೆ. ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವವರಿಗೆ, ಬಕೆಟ್ ಸ್ನಾನದವರಿಗೆ ಈ ಲಾಭವಿಲ್ಲ. ತಾರಸಿಯ ಸೋಲಾರ್ ಹೀಟರಿನಿಂದ ಬಿಸಿನೀರು ಇಳಿಯುವ ತನಕ ಪೈಪಿನೊಳಗಿನ ತಣ್ಣೀರನ್ನು ಹೇಗೂ ಹೊರಹಾಕಲೇಬೇಕು. ಅದನ್ನು ಬಕೆಟ್ಟಿಗೆ ಹಿಡಿದಿಟ್ಟರೆ ಆ ನೀರೂ ಉಳಿಯುತ್ತದೆ.

ಖರ್ಚಿಲ್ಲದ ಉಪಾಯಗಳು ಇನ್ನೂ ಇವೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 20 ಲೀಟರಿನಷ್ಟು ಹೋಗುತ್ತದೆ, ಹತ್ತು ಇಪ್ಪತ್ತು ರೂಪಾಯಿಯ ವಾಷರ್ ಅದನ್ನು ನಿಲ್ಲಿಸುತ್ತದೆ. ಆರ್‌ಓ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ, ಆ ನೀರಲ್ಲಿ ನೆಲ ಒರೆಸಬಹುದು.

ಇಷ್ಟಾದರೂ ಏರೇಟರ್ ಬೇಡವೆನ್ನುವ ವಾದ ಇದಲ್ಲ. ಬೆಂಗಳೂರಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಾಗಿ ಬರುತ್ತಾಳೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಯೋಜನೆಯಿಂದ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿದ ಮೇಲೂ ಟ್ಯಾಂಕರುಗಳ ಓಡಾಟ ನಿಂತಿಲ್ಲ. ಹತ್ತು ಲಕ್ಷ ಮನೆಗಳು ದಿನಕ್ಕೆ 50 ಲೀಟರ್ ಉಳಿಸಿದರೆ ಅದೇ 5 ಕೋಟಿ ಲೀಟರ್. ಅಷ್ಟು ನೀರಿನ ಬೆಲೆ ಮನೆಯ ಬಿಲ್ಲಿನಲ್ಲಿ ಕಾಣದು, ನೀರೇ ತಲುಪದ ಹೊರವಲಯದ ಬೀದಿಯಲ್ಲಿ ಕಾಣುತ್ತದೆ. ಜನರಿಗೆ ಹೇಳಬೇಕಾದ ಕಾರಣ ಇದು. ಬಿಲ್ ಅರ್ಧವಾಗುತ್ತದೆಂಬ ಸುಳ್ಳು ಆಸೆ ತೋರಿಸಿದರೆ ಮೂರನೆಯ ತಿಂಗಳಿಗೆ ನಂಬಿಕೆ ಹೋಗುತ್ತದೆ, ಅದರ ಜೊತೆಗೆ ಏರೇಟರೂ ಹೋಗುತ್ತದೆ.

ಕೊಳ್ಳುವ ಮುನ್ನ ಒಂದು ಲೀಟರಿನ ಬಾಟಲಿ ಹಿಡಿದು ನೋಡಿ. ಐದು ಸೆಕೆಂಡಿನಲ್ಲಿ ತುಂಬಿದರೆ ಆ ನಲ್ಲಿಯ ಹರಿವು ನಿಮಿಷಕ್ಕೆ 12 ಲೀಟರ್, ಏರೇಟರ್ ಖಂಡಿತ ಬೇಕು. ಹತ್ತು ಹನ್ನೆರಡು ಸೆಕೆಂಡ್ ಹಿಡಿದರೆ ಹರಿವು ಆಗಲೇ ಕಡಿಮೆ ಇದೆ, ದುಡ್ಡು ದಂಡ ಮಾಡಬೇಡಿ. ತಾರಸಿಯ ಟ್ಯಾಂಕಿನಿಂದ ಎರಡು ಮೂರು ಮೀಟರ್ ಕೆಳಗಿರುವ ಮೇಲ್ಮಹಡಿಯ ನಲ್ಲಿಗಳಲ್ಲಿ ಹೀಗಾಗುವುದೇ ಹೆಚ್ಚು, ಎತ್ತರದ ಕಟ್ಟಡದ ಕೆಳಮಹಡಿಗಳಲ್ಲಿ ಧಾರೆ ರಭಸವಾಗಿರುತ್ತದೆ. ವಾಷ್ ಬೇಸಿನ್ನಿಗೆ 3 ಲೀಟರಿನದು, ಅಡುಗೆಮನೆಗೆ 6 ಲೀಟರಿನದು ಸಾಕು. ಬಕೆಟ್ ತುಂಬುವ ನಲ್ಲಿಯನ್ನು ಹಾಗೇ ಬಿಡಿ. ಅಪಾರ್ಟ್‌ಮೆಂಟಿನಲ್ಲಿರುವವರು ಅಸೋಸಿಯೇಷನ್ನಿನ ಮುಂದಿನ ಸಭೆಯಲ್ಲಿ ಏರೇಟರಿಗಿಂತ ಮೊದಲು ಸಬ್‌ಮೀಟರ್ ಕೇಳಿ.