ಕಂಪೆನಿ ಕೈ ಬದಲಾದರೆ ಕರಾರು ಸಾಯುವುದಿಲ್ಲ

1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು. ನಮ್ಮ ಕರಾವಳಿಯ ಜನರಿಗೆ ಬೇಸರವಾಯಿತು, ಆ ಮಾತು ಬೇರೆ. ಆದರೆ ಒಂದು ವಿಷಯ ಗಮನಿಸಿ. ಬೋರ್ಡು ಬದಲಾಯಿತು, ಪಾಸ್‌ಬುಕ್ ಬದಲಾಯಿತು. ಖಾಯಂ ನೌಕರರ ಸರ್ವೀಸ್ ಮಾತ್ರ ತುಂಡಾಗಲಿಲ್ಲ. ಅವರು ಹೊಸ ಬ್ಯಾಂಕಿನ ನೌಕರರಾಗುತ್ತಾರೆ, ಸಂಬಳ ಭತ್ಯೆ ಮೊದಲಿಗಿಂತ ಕಡಿಮೆಯಾಗಬಾರದು ಅಂತ ವಿಲೀನದ ಯೋಜನೆಯಲ್ಲೇ ಬರೆದಿತ್ತು.

ಬ್ಯಾಂಕಿನವರಿಗೆ ಯೂನಿಯನ್ ಇದೆ, ಸರಕಾರದ ಗಜೆಟ್ ಇದೆ. ದಮ್ಮಾಮಿನ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿರುವ, ಜುಬೈಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನಮ್ಮ ಹುಡುಗನಿಗೆ ಏನಿದೆ? ಅವನ ಕಂಪೆನಿಯನ್ನು ಇನ್ನೊಬ್ಬರು ಕೊಳ್ಳುತ್ತಾರೆ. ವಾರದೊಳಗೆ ಹೊಸ ಮುದೀರ್ ಬರುತ್ತಾನೆ. ಸ್ಟೋರ್ ಕೀಪರನಿಗೆ ಲೋಡಿಂಗ್ ಕೆಲಸಕ್ಕೆ ಹೋಗು ಅನ್ನುತ್ತಾನೆ. ಅದರ ಜೊತೆಗೆ ಎರಡು ಕಾಗದ ಮುಂದಿಡುತ್ತಾರೆ. ಒಂದು ರಾಜೀನಾಮೆ, ಇನ್ನೊಂದು ಹೊಸ ಕರಾರು. ‘ಎಲ್ಲರೂ ಹಾಕಿದ್ದಾರೆ, ನೀನೂ ಸಹಿ ಹಾಕು’ ಅನ್ನುತ್ತಾರೆ. ಊರಿಗೆ ಫೋನ್ ಮಾಡಿ ಕೇಳಿದರೆ ಮನೆಯವರೂ ಅದನ್ನೇ ಹೇಳುತ್ತಾರೆ: ‘ಏನಾದರೂ ಮಾಡು ಮೋನೇ, ಕೆಲಸ ಉಳಿಸಿಕೋ.’

ಆ ಸಹಿಯ ಬೆಲೆ ಎಷ್ಟು ಅಂತ ಒಂದು ಲೆಕ್ಕ ಹಾಕಿ ನೋಡೋಣ. ಸೌದಿಯಲ್ಲಿ ಸರ್ವೀಸ್ ಹಣದ ಲೆಕ್ಕ ಹೀಗಿದೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ಪೂರ್ತಿ ತಿಂಗಳ ಸಂಬಳ. 3000 ರಿಯಾಲ್ ಸಂಬಳದಲ್ಲಿ 8 ವರ್ಷ ದುಡಿದವನಿಗೆ ಐದೂವರೆ ತಿಂಗಳ ಸಂಬಳ, ಅಂದರೆ 16,500 ರಿಯಾಲ್ ಆಗುತ್ತದೆ. ಆದರೆ ಅವನೇ ರಾಜೀನಾಮೆ ಕೊಟ್ಟ ಅಂತ ಕಾಗದದಲ್ಲಿ ಬಂದರೆ, ಐದರಿಂದ ಹತ್ತು ವರ್ಷದ ಒಳಗಿನವರಿಗೆ ಸಿಗುವುದು ಮೂರರಲ್ಲಿ ಎರಡು ಪಾಲು ಮಾತ್ರ. 11,000 ರಿಯಾಲ್ ಕೈಗೆ ಬಂತು, 5,500 ಹೋಯಿತು. ಅಲ್ಲಿಗೇ ಮುಗಿಯಲಿಲ್ಲ. ಹೊಸ ಕರಾರಿನಲ್ಲಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಮುಂದಿನ ಐದು ವರ್ಷ ಪುನಃ ಅರ್ಧ ತಿಂಗಳ ಲೆಕ್ಕ. ಸಂಬಳ ಅಷ್ಟೇ ಇದ್ದರೂ ಇನ್ನೊಂದು 7,500 ರಿಯಾಲ್ ಹೋಯಿತು. ಒಂದು ಸಹಿಗೆ 13,000 ರಿಯಾಲ್! ಒಂದು ಮನೆಯ ಛಾವಣಿ, ಒಬ್ಬಳು ತಂಗಿಯ ಕಾಲೇಜು ಫೀಸು ಅದರಲ್ಲಿ ಇರುತ್ತದೆ.

ಹಾಗಾದರೆ ಸೌದಿಯ ಕಾನೂನು ಏನು ಹೇಳುತ್ತದೆ? ಅಲ್ಲಿನ ಕಾರ್ಮಿಕ ಕಾನೂನಿನ 18ನೇ ವಿಧಿ ಈ ಸಂದರ್ಭಕ್ಕೆಂದೇ ಇರುವುದು. ಸಂಸ್ಥೆ ಇನ್ನೊಬ್ಬರ ಕೈಗೆ ಹೋದರೂ, ಬೇರೆ ಸಂಸ್ಥೆಯೊಂದಿಗೆ ಸೇರಿದರೂ ಕರಾರುಗಳು ಹಾಗೆಯೇ ಉಳಿಯುತ್ತವೆ, ಸರ್ವೀಸ್ ಮುಂದುವರಿದಂತೆಯೇ ಲೆಕ್ಕ. ಹಿಂದಿನ ಬಾಕಿಗೆ ಹಳೆಯ ಮಾಲಕ, ಹೊಸ ಮಾಲಕ ಇಬ್ಬರೂ ಜವಾಬ್ದಾರರು. ಒಬ್ಬನೇ ಮಾಲಕನ ಸಂಸ್ಥೆಯಾದರೆ ಬಾಕಿಯನ್ನೆಲ್ಲ ಹೊಸಬನ ಮೇಲೆ ಹಾಕಬಹುದು, ಆದರೆ ಅದಕ್ಕೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕು. ಅವನು ಒಪ್ಪದಿದ್ದರೆ ಕರಾರು ಮುಗಿಸಿ ಹಳೆಯ ಮಾಲಕನಿಂದ ಬಾಕಿ ಕೇಳಬಹುದು.

ಕೆಲಸ ಬದಲಿಸುವ ವಿಷಯಕ್ಕೆ 60ನೇ ವಿಧಿ ಇದೆ. ಒಪ್ಪಿಕೊಂಡ ಕೆಲಸಕ್ಕಿಂತ ಮೂಲದಲ್ಲೇ ಬೇರೆಯಾದ ಕೆಲಸವನ್ನು ಲಿಖಿತ ಒಪ್ಪಿಗೆ ಇಲ್ಲದೆ ಹೇರುವಂತಿಲ್ಲ. ತಾತ್ಕಾಲಿಕ ಅಗತ್ಯ ಬಂದರೆ ವರ್ಷಕ್ಕೆ 30 ದಿನ ಮಾತ್ರ ಮಾಡಿಸಬಹುದು. ಹಾಗೆ ಹೇರಿದರೆ, ನೋಟಿಸು ಕೊಡದೆ ಕೆಲಸ ಬಿಟ್ಟರೂ ಹಕ್ಕಿನ ಹಣ ಹೋಗುವುದಿಲ್ಲ ಅಂತ 81ನೇ ವಿಧಿ ಹೇಳುತ್ತದೆ. ಯುಎಇಯಲ್ಲೂ 2021ರ ಕಾನೂನು ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಮನೆ ಡ್ರೈವರ್, ಮನೆಕೆಲಸದವರಿಗೆ ಮಾತ್ರ ಬೇರೆ ನಿಯಮಗಳಿವೆ, ಅವರು ಇದನ್ನು ತಮಗೂ ಅನ್ವಯಿಸಿಕೊಳ್ಳಬಾರದು.

ಹಾಗಂತ ಎಲ್ಲ ಬದಲಾವಣೆಯೂ ಅನ್ಯಾಯವಲ್ಲ. ಹೊಸ ಮುದೀರ್, ಹೊಸ ಯೂನಿಫಾರ್ಮ್, ಹೊಸ ಸಾಫ್ಟ್‌ವೇರ್, ಸ್ಟೋರಿನಲ್ಲಿ ಒಂದು ಕಪಾಟು ಹೆಚ್ಚು ನೋಡಿಕೊಳ್ಳುವುದು, ಇದೆಲ್ಲ ಕೆಲಸದ ಭಾಗವೇ. ಇದಕ್ಕೂ ಜಗಳ ತೆಗೆದರೆ ನಾಳೆ ನಿಜವಾದ ದೂರನ್ನೂ ಯಾರೂ ಕೇಳುವುದಿಲ್ಲ. ಕೆಲವೊಮ್ಮೆ ಹೊಸ ಹುದ್ದೆ ಒಳ್ಳೆಯದೇ ಆಗಿರಬಹುದು. ಆಗ ಸಂತೋಷದಿಂದ ಒಪ್ಪಿ, ಹುದ್ದೆ, ಸಂಬಳ, ಹಳೆಯ ಸರ್ವೀಸ್ ಮುಂದುವರಿಯುತ್ತದೆ ಎಂಬ ಮಾತು, ಈ ಮೂರೂ ಬರವಣಿಗೆಯಲ್ಲಿ ಬರಲಿ.

‘ರಿಝ್ಕ್ ಕೊಡುವವನು ಅಲ್ಲಾಹು, ನೀನು ಸಬ್ರ್ ಮಾಡು’ ಅಂತ ಇಂಥ ಹುಡುಗರಿಗೆ ಉಪದೇಶ ಮಾಡುವವರಿದ್ದಾರೆ. ಮಾತು ಸತ್ಯ, ಆದರೆ ಅದನ್ನು ಹೇಳುವ ಜಾಗ ಇದಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ ಯಾವುದರ ಬಗ್ಗೆ ಅಂತ ಮದ್ರಸದ ಮಕ್ಕಳನ್ನು ಕೇಳಿ. ಅದು ಸೂರತುಲ್ ಬಕರದ 282ನೇ ಆಯತ್, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ, ಅದು ದೀನಿನ ಶಿಸ್ತು. ನಮ್ಮ ಶಾಫಿಈ ಫಿಕ್‌ಹಿನಲ್ಲಿ ಇಜಾರದ ಅಧ್ಯಾಯ ತೆರೆದರೆ, ಕೂಲಿಯೂ ಗೊತ್ತಿರಬೇಕು, ಕೆಲಸವೂ ಗೊತ್ತಿರಬೇಕು ಅಂತ ಶರ್ತ್ ಇದೆ. ಬಾಡಿಗೆಗೆ ಕೊಟ್ಟ ಮನೆಯನ್ನು ಮಾಲಕ ಮಾರಿದರೂ ಬಾಡಿಗೆಯ ಕರಾರು ಮುರಿಯುವುದಿಲ್ಲ ಅಂತಲೂ ಇದೆ. ಮನೆಯ ಗೋಡೆಗೆ ಇರುವ ಮರ್ಯಾದೆ ದುಡಿಯುವ ಮನುಷ್ಯನಿಗೆ ಬೇಡವೇ?

ಇನ್ನು ಮಾಡಬೇಕಾದ್ದು. ಕಾನೂನು ಇದೆ ಅಂತ ಮುದೀರನ ಮೇಜು ಗುದ್ದಬೇಕಾಗಿಲ್ಲ. ‘ಓದಿ ಹೇಳುತ್ತೇನೆ, ಎರಡು ದಿನ ಕೊಡಿ’ ಅಂತ ಮೆಲ್ಲಗೆ ಕೇಳಿದರೆ ಸಾಕು. ಕಾಗದದ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಕರಾರು, ಸಂಬಳ ಜಮೆಯಾದ ಬ್ಯಾಂಕ್ ದಾಖಲೆ, ಇಖಾಮದ ಪ್ರತಿ ಒಂದು ಕಡೆ ಇರಲಿ. ಇಖಾಮದಲ್ಲಿ ಒಂದು ಹುದ್ದೆ, ದಿನವೂ ಮಾಡುವುದು ಇನ್ನೊಂದು ಕೆಲಸ ಅಂತಾದರೆ ತಪಾಸಣೆಯ ದಿನ ತೊಂದರೆ ಅವನಿಗೇ. ಮಾತಿನಲ್ಲಿ ಬಗೆಹರಿಯದಿದ್ದರೆ ಮಾನವ ಸಂಪನ್ಮೂಲ ಸಚಿವಾಲಯದಲ್ಲಿ ಮೊದಲು ರಾಜಿ ಪ್ರಯತ್ನ, ಆಮೇಲೆ ಕಾರ್ಮಿಕ ನ್ಯಾಯಾಲಯ. ಕೆಲಸ ಮುಗಿದ ಮೇಲೆ 12 ತಿಂಗಳ ಒಳಗೆ ದೂರು ಕೊಡಬೇಕು. ಊರಿಗೆ ಬಂದು ಎರಡು ವರ್ಷ ಯೋಚಿಸುತ್ತಾ ಕೂತರೆ ಪ್ರಯೋಜನವಿಲ್ಲ.

ಇಲ್ಲಿ ನಮ್ಮ ಜಮಾಅತ್‌ಗಳಿಗೂ ಒಂದು ಕೆಲಸ ಇದೆ. ಸೌದಿಯಲ್ಲಿ ಕರಾರಿನ ಇಂಗ್ಲಿಷ್‌ಗೂ ಅರಬಿಗೂ ವ್ಯತ್ಯಾಸ ಬಂದರೆ ನಿಲ್ಲುವುದು ಅರಬಿಯೇ. ನಮ್ಮ ಹುಡುಗ ಓದುವುದು ಇಂಗ್ಲಿಷ್ ಭಾಗ, ಸಹಿ ಹಾಕುವುದು ಅರಬಿಗೆ. ಹೆಚ್ಚಿನ ಜಮಾಅತ್‌ಗಳಿಗೆ ಗಲ್ಫಿನಲ್ಲಿ ಸಮಿತಿಗಳಿವೆ. ಮಸೀದಿ ಕಟ್ಟಲು, ಬಡವರ ಮದುವೆಗೆ ಹಣ ಕೂಡಿಸಿ ಕಳಿಸುತ್ತವೆ, ಅಲ್ಲಾಹು ಸ್ವೀಕರಿಸಲಿ. ಅದೇ ಸಮಿತಿಗಳು ತಿಂಗಳಿಗೊಂದು ಶುಕ್ರವಾರ ರಾತ್ರಿ ಕಾಗದ ಓದುವುದಕ್ಕೆಂದು ಕೂರಬಾರದೇ? ಅರಬಿ ಬಲ್ಲ ಒಬ್ಬರು ಉಸ್ತಾದ್, ಆಫೀಸಿನ ಅರಬಿ ಗೊತ್ತಿರುವ ಒಬ್ಬ ಅಕೌಂಟೆಂಟ್, ಒಂದು ಚಹಾ, ಇಷ್ಟೇ ಖರ್ಚು.

ಕೊನೆಗೆ ನಮ್ಮಲ್ಲಿರುವ ಮಾಲಕರಿಗೂ ಒಂದು ಮಾತು. ಬ್ಯಾರಿಗಳು ನೌಕರರು ಮಾತ್ರವಲ್ಲ, ಅಂಗಡಿ, ಹೋಟೆಲ್, ಮರದ ಮಿಲ್ಲು ಮಾರುವವರೂ ಕೊಳ್ಳುವವರೂ ಆಗಿದ್ದೇವೆ. ನಮ್ಮ ದೇಶದಲ್ಲೂ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಈ ರಕ್ಷಣೆ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ. ಉದ್ಯಮ ಕೈ ಬದಲಾದಾಗ ಸರ್ವೀಸ್ ತುಂಡಾಗದೆ, ಶರ್ತುಗಳು ಕೆಳಗಿಳಿಯದೆ ಮುಂದುವರಿಯಬೇಕು. ಇಲ್ಲವಾದರೆ ಒಂದು ವರ್ಷ ಸತತ ದುಡಿದ ಕಾರ್ಮಿಕನಿಗೆ ನೋಟಿಸೂ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರವೂ ಸಿಗಬೇಕು. ಅಂಗಡಿ ಕೊಳ್ಳುವಾಗ ಸ್ಟಾಕ್ ಎಣಿಸುತ್ತೀರಿ, ಫ್ರಿಜ್ ಎಣಿಸುತ್ತೀರಿ. ಹತ್ತು ವರ್ಷದಿಂದ ಕೌಂಟರಿನಲ್ಲಿ ನಿಂತವನ ವರ್ಷಗಳನ್ನೂ ಎಣಿಸಿ, ವ್ಯಾಪಾರದ ಬೆಲೆಯಲ್ಲಿ ಸೇರಿಸಿ. ದಮ್ಮಾಮಿನ ಮಾಲಕನಿಂದ ನಾವು ಕೇಳುವ ನ್ಯಾಯವನ್ನು ಬಂದರಿನಲ್ಲಿರುವ ನಮ್ಮ ಅಂಗಡಿಯಲ್ಲಿ ನಾವೇ ಮೊದಲು ಕೊಡೋಣ.