ಕೋಳಿ ತಾನೇ ಅಂತ ಸುಮ್ಮನಿರಬೇಡಿ!

ಈಗ ಬೆಂಗಳೂರು, ಮೈಸೂರಿನಂಥ ಊರುಗಳಲ್ಲೂ ಟೆರೇಸಿನ ಮೇಲೆ, ಹಿತ್ತಲ ಮೂಲೆಯಲ್ಲಿ, ಕಾರು ನಿಲ್ಲಿಸೋ ಜಾಗದ ಪಕ್ಕದಲ್ಲಿ ಒಂದೆರಡು ಕೋಳಿಗಳು ಕಾಣಿಸುತ್ತವೆ. ಬೇಸಿಗೆ ರಜೆಗೆ ಅಜ್ಜಿ ಊರಿಗೆ ಹೋದ ಮಕ್ಕಳು ಹಠ ಹಿಡಿದು ತಂದದ್ದು ಕೆಲವು. ಸಂತೆಯಲ್ಲಿ ಬಣ್ಣ ಬಳಿದ ಮರಿಗಳನ್ನು ನೋಡಿ ಮನಸೋತು ಕೊಂಡದ್ದು ಕೆಲವು. "ಮನೇಲೇ ನಾಟಿ ಮೊಟ್ಟೆ ಸಿಗುತ್ತಲ್ಲ" ಅಂತ ಯಜಮಾನರು ಹೊತ್ತು ತಂದದ್ದು ಇನ್ನು ಕೆಲವು. ತಂದವರು ಯಾರೇ ಆಗಲಿ, ಎರಡನೇ ದಿನದಿಂದ ಅದಕ್ಕೆ ಕಾಳು ಹಾಕುವುದು, ನೀರಿಡುವುದು, ಹಿಕ್ಕೆ ಗುಡಿಸುವುದು ಯಾರ ಪಾಲಿಗೆ ಬರುತ್ತದೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ!

ಹೀಗೆ ಬಂದ ಕೋಳಿಗೆ ವಾರದೊಳಗೆ ಹೆಸರಿಡಲಾಗುತ್ತದೆ. ತಿಂಗಳಾಗುವಷ್ಟರಲ್ಲಿ ಅದು ಅಡುಗೆಮನೆ ಬಾಗಿಲಿಗೇ ಬಂದು ನಿಂತು ಕೊಕ್ಕೊಕ್ಕೋ ಅನ್ನುತ್ತದೆ. ಆದರೆ ಒಂದು ದಿನ ಅದು ಮೂಲೆಯಲ್ಲಿ ಮುದುಡಿ ಕೂತರೆ ಮನೆಯವರಿಂದ, ನೆರೆಯವರಿಂದ ಬರುವ ಸಲಹೆಗಳು ಮೂರೇ ಮೂರು. "ಅಯ್ಯೋ, ಕೋಳಿ ತಾನೇ, ಸಾಯೋಕೆ ಮುಂಚೆ ಕೊಯ್ದು ಸಾರು ಮಾಡ್ಬಿಡಿ" ಅನ್ನುವುದು ಮೊದಲನೆಯದು. "ಬಿಡಿ, ತಾನಾಗೇ ಸರಿಹೋಗುತ್ತೆ" ಎರಡನೆಯದು. "ಮನೇಲಿರೋ ಜ್ವರದ ಮಾತ್ರೆ ಅರ್ಧ ಪುಡಿ ಮಾಡಿ ಕುಡಿಸಿ" ಮೂರನೆಯದು. ನನ್ನ ಪ್ರಕಾರ ಈ ಮೂರೂ ತಪ್ಪು. ಸಾಕುತ್ತೇವೆ ಅಂತ ಮನೆಯೊಳಗೆ ಬಿಟ್ಟುಕೊಂಡ ಮೇಲೆ ನಾಯಿ, ಬೆಕ್ಕಿಗೆ ಸಿಗುವ ಕಾಳಜಿ ಕೋಳಿಗೂ ಸಿಗಬೇಕು. ಅದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ದಿನಕ್ಕೆ 5 ನಿಮಿಷ ಗಮನವಿಟ್ಟು ನೋಡಿದರೆ ಸಾಕು.

ಕೋಳಿ ಕಾಯಿಲೆ ಮುಚ್ಚಿಡುತ್ತದೆ

ಕೋಳಿಯದ್ದು ಒಂದು ವಿಚಿತ್ರ ಸ್ವಭಾವ. ಹುಷಾರು ತಪ್ಪಿದರೆ ಅದು ಆದಷ್ಟು ಹೊತ್ತು ತೋರಿಸಿಕೊಳ್ಳುವುದಿಲ್ಲ. ಸೋತು ನಿಂತ ಹಕ್ಕಿಯ ಮೇಲೆ ಮೊದಲು ಎರಗುವುದು ನಾಯಿ, ಹದ್ದು. ಅಷ್ಟೇ ಅಲ್ಲ, ಜೊತೆಗಿರುವ ಕೋಳಿಗಳೇ ಅದನ್ನು ಕುಕ್ಕಿ ಓಡಿಸುತ್ತವೆ. ಹಾಗಾಗಿ ಅದು ಕಾಳು ಕುಕ್ಕಿದಂತೆ ನಟಿಸುವುದೂ ಉಂಟು! ಕಣ್ಣು ಮುಚ್ಚಿ, ಪುಕ್ಕ ಉಬ್ಬಿಸಿ ಕೂತಿದೆ ಎಂದರೆ ಕಾಯಿಲೆ ಆಗಲೇ ಜೋರಾಗಿದೆ ಎಂದು ಅರ್ಥ. "ನಿನ್ನೆ ಸಂಜೆ ಚೆನ್ನಾಗಿತ್ತು, ಬೆಳಿಗ್ಗೆ ಸತ್ತೇಹೋಗಿತ್ತು" ಎಂದು ಜನ ಹೇಳುವುದು ಇದಕ್ಕೇ. ಚೆನ್ನಾಗಿರಲಿಲ್ಲ, ನಮಗೆ ಗೊತ್ತಾಗಲಿಲ್ಲ ಅಷ್ಟೇ.

ಆದ್ದರಿಂದ ಕೋಳಿ ಬಂದ ಮೊದಲ ವಾರವೇ ಅದು ಆರೋಗ್ಯವಾಗಿದ್ದಾಗ ಹೇಗಿರುತ್ತದೆ ಎಂದು ತಿಳಿದುಕೊಂಡುಬಿಡಿ. ಗೂಡಿನ ಬಾಗಿಲು ತೆಗೆದ ಕೂಡಲೇ ಓಡಿ ಬರುತ್ತದೋ, ನಿಧಾನವಾಗಿ ಬರುತ್ತದೋ? ಜುಟ್ಟಿನ ಬಣ್ಣ ಎಷ್ಟು ಕೆಂಪು? ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಮೇವು ತಿನ್ನುತ್ತದೆ, ಅದರ ಎರಡು ಪಟ್ಟಿನಷ್ಟು ನೀರು ಕುಡಿಯುತ್ತದೆ. ನಿಮ್ಮದು ಎಷ್ಟು ತಿನ್ನುತ್ತದೆ ಅಂತ ಒಂದು ಲೋಟದ ಲೆಕ್ಕ ಇಟ್ಟುಕೊಳ್ಳಿ.

ಹಿಕ್ಕೆ ನೋಡಲು ಅಸಹ್ಯ ಪಡಬೇಡಿ. ಅರ್ಧ ಸಮಾಚಾರ ಅಲ್ಲೇ ಇರುತ್ತದೆ. ಗಟ್ಟಿಯಾಗಿ, ಮೇಲೆ ಬಿಳಿ ಟೋಪಿ ಇಟ್ಟಂತಿದ್ದರೆ ಚೆನ್ನಾಗಿದೆ. ಆಗಾಗ ಒಂದು ಕಂದು ಬಣ್ಣದ, ಅಂಟು ಅಂಟಾದ, ಕೆಟ್ಟ ವಾಸನೆಯ ಹಿಕ್ಕೆ ಹಾಕಿದರೂ ಗಾಬರಿ ಬೇಡ, ಅದು ಸಹಜ. ಇನ್ನು ಕೋಳಿಯ ಮೈ ಮುಟ್ಟಿ ನೋಡಿ "ಜ್ವರ ಬಂದಿದೆ" ಅನ್ನುವವರಿದ್ದಾರೆ. ಕೋಳಿಯ ಮೈ ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ!

ಇವು ಕಾಯಿಲೆ ಅಲ್ಲ

ಹೊಸ ಜಾಗಕ್ಕೆ ಬಂದ ಕೋಳಿ ಒಂದೆರಡು ದಿನ ಸರಿಯಾಗಿ ತಿನ್ನದಿರಬಹುದು. ಒಂದೆರಡು ವಾರ ಮೊಟ್ಟೆ ನಿಲ್ಲಿಸಲೂಬಹುದು. ಹೊಸ ಮನೆಗೆ ಬಂದ ಸೊಸೆಗೂ ಹೊಂದಿಕೊಳ್ಳೋಕೆ ಟೈಮ್ ಬೇಕಲ್ಲವೇ? ವರ್ಷಕ್ಕೊಮ್ಮೆ ಹಳೆ ಪುಕ್ಕ ಉದುರಿ ಹೊಸದು ಬರುತ್ತದೆ, ಆಗಲೂ ಮೊಟ್ಟೆ ನಿಲ್ಲುತ್ತದೆ. ಗೂಡಿನಲ್ಲೇ ಅಂಟಿಕೊಂಡು ಕೂತು, ಹತ್ತಿರ ಹೋದರೆ ಮೈ ಉಬ್ಬಿಸಿ ಗುರ್ ಅನ್ನುತ್ತಿದ್ದರೆ ಅದು ಕಾವಿಗೆ ಕೂತಿದೆ. ಹೀಗೆ ಕೂತ ಹೇಂಟೆಯ ಕಣ್ಣು ಚುರುಕಾಗಿರುತ್ತದೆ, ಮುಟ್ಟಲು ಹೋದರೆ ಕುಕ್ಕುತ್ತದೆ. ಕಾಯಿಲೆ ಬಿದ್ದ ಕೋಳಿ ಎತ್ತಿಕೊಂಡರೂ ಸುಮ್ಮನಿರುತ್ತದೆ. ವ್ಯತ್ಯಾಸ ಇಷ್ಟೇ.

ಸಂತೆಯ ಮರಿಗಳದ್ದು ಬೇರೆ ಕಥೆ. ಅವು ತಂದ ಎರಡು ಮೂರು ದಿನಕ್ಕೆ ಸಾಯಲು ಎಷ್ಟೋ ಸಲ ರೋಗ ಕಾರಣವಲ್ಲ, ಚಳಿ ಕಾರಣ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಬೆಚ್ಚಗೆ ಬೇಕು. ರಟ್ಟಿನ ಡಬ್ಬದ ಒಂದು ಬದಿಗೆ ಹಳೇ ಕಾಲದ ಬಿಸಿಯಾಗುವ ಬಲ್ಬನ್ನು ಹುಷಾರಾಗಿ ಕಟ್ಟಿ. ಎಲ್ಇಡಿ ಬಲ್ಬಿನಿಂದ ಶಾಖ ಸಾಲದು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕೀಚ್ ಕೀಚ್ ಅನ್ನುತ್ತಿದ್ದರೆ ಚಳಿ, ದೂರ ಹೋಗಿ ಬಾಯಿ ಬಿಡುತ್ತಿದ್ದರೆ ಸೆಕೆ.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಕತ್ತು ತಿರುಚಿಕೊಳ್ಳುವುದು, ರೆಕ್ಕೆ ಅಥವಾ ಕಾಲಿನ ಸ್ವಾಧೀನ ತಪ್ಪುವುದು, ಹಸಿರು ಭೇದಿ, ಬಾಯಿ ತೆರೆದು ಏದುಸಿರು ಬಿಡುವುದು ಕೊಕ್ಕರೆ ರೋಗದ ಲಕ್ಷಣಗಳು. ರಾಣಿಖೇತ್ ರೋಗ ಅನ್ನುವುದೂ ಇದಕ್ಕೇ. ಕತ್ತು ತಿರುಚಿದ್ದು ನೋಡಿ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸುವವರೂ ಇದ್ದಾರೆ. ಇದು ವೈರಸ್ಸಿನಿಂದ ಬರುವ ರೋಗ, ಬಂದ ಮೇಲೆ ಔಷಧಿ ಇಲ್ಲ, ಬರದಂತೆ ತಡೆಯಲು ಲಸಿಕೆ ಇದೆ. ಆದ್ದರಿಂದ ಕೋಳಿ ಕೊಳ್ಳುವಾಗ ಬೆಲೆ ಚೌಕಾಸಿ ಮಾಡುವುದರ ಜೊತೆಗೆ "ಲಸಿಕೆ ಹಾಕ್ಸಿದ್ದೀರಾ?" ಅಂತಲೂ ಕೇಳಿ. ಹಾಕಿಸಿಲ್ಲದಿದ್ದರೆ ಡಾಕ್ಟರನ್ನು ಕೇಳಿ ಹಾಕಿಸಿ.

ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ ಇರಬಹುದು. ಒದ್ದೆ ನೆಲ, ಕೊಳಕು ಹುಲ್ಲು ಇದ್ದಲ್ಲಿ ಇದು ಬೇಗ ಹರಡುತ್ತದೆ. ಆದರೆ ಬೇಗ ತೋರಿಸಿದರೆ ಔಷಧಿಗೆ ಬಗ್ಗುತ್ತದೆ. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಕಪ್ಪು ಹಕ್ಕಳೆ ಕಟ್ಟಿದರೆ ಕೋಳಿ ಸಿಡುಬು, ಇದನ್ನು ಸೊಳ್ಳೆಗಳೂ ಹರಡುತ್ತವೆ. ಮುಖ ಊದಿ, ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಸುರಿದರೆ ಅದು ಬರೀ ನೆಗಡಿ ಅಂದುಕೊಳ್ಳಬೇಡಿ. ಜುಟ್ಟು ಬಿಳಿಚಿಕೊಂಡು ಕೋಳಿ ದಿನೇ ದಿನೇ ಸೊರಗುತ್ತಿದ್ದರೆ ಹೊಟ್ಟೆಯಲ್ಲಿ ಹುಳುವೋ, ಪುಕ್ಕದಡಿ ಹೇನೋ ಇದೆಯೇ ಎಂದು ನೋಡಿ.

ಹೇಂಟೆ ಬಾಲ ತಗ್ಗಿಸಿ, ನೆಟ್ಟಗೆ ನಿಂತು, ಮತ್ತೆ ಮತ್ತೆ ಮುಕ್ಕರಿಸುತ್ತಾ ಗೂಡಿಗೆ ಹೋಗಿ ಬರುತ್ತಿದೆಯೇ? ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಉಗುರು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹೊಟ್ಟೆ ಮುಳುಗುವಂತೆ 15-20 ನಿಮಿಷ ಕೂರಿಸಿ, ಒರೆಸಿ, ಬೆಚ್ಚಗೆ ಕತ್ತಲಲ್ಲಿ ಬಿಡಿ. ಹೊಟ್ಟೆ ಒತ್ತಬೇಡಿ, ಒಳಗೆ ಮೊಟ್ಟೆ ಒಡೆದರೆ ಪ್ರಾಣಕ್ಕೇ ಅಪಾಯ. ಅದೇ ದಿನ ಮೊಟ್ಟೆ ಬರದಿದ್ದರೆ ಡಾಕ್ಟರ ಬಳಿ ಹೋಗಲೇಬೇಕು. ನಾವು ಎಸೆಯುವ ಮೊಟ್ಟೆ ಸಿಪ್ಪೆಯನ್ನು ತೊಳೆದು, ಹುರಿದು, ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಟ್ಟರೆ ಮೊಟ್ಟೆ ಇಡುವ ಕೋಳಿಗೆ ಬೇಕಾದ ಸುಣ್ಣದ ಅಂಶ ಸಿಗುತ್ತದೆ. ಈ ತೊಂದರೆ ಕಡಿಮೆ ಮಾಡಲು ಅದೂ ಒಂದು ದಾರಿ.

ಮೊದಲು ಮಾಡಬೇಕಾದ್ದು

ಹುಷಾರಿಲ್ಲದ ಕೋಳಿಯನ್ನು ಕೂಡಲೇ ಉಳಿದವುಗಳಿಂದ ಬೇರೆ ಮಾಡಿ. ಗಾಳಿಯಾಡುವ ರಟ್ಟಿನ ಡಬ್ಬ ಅಥವಾ ಬುಟ್ಟಿಯಲ್ಲಿ ಹಳೇ ಕಾಟನ್ ಸೀರೆ ಹಾಸಿ, ಬೆಚ್ಚಗೆ, ಗಲಾಟೆಯಿಲ್ಲದ ಕಡೆ ಇಡಿ. ಬೇಸಿಗೆಯಲ್ಲಿ ಬಾಯಿ ಬಿಟ್ಟು, ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಿದ್ದರೆ ಮಾತ್ರ ನೆರಳು, ತಣ್ಣನೆ ನೀರು ಬೇಕು. ಶುದ್ಧ ನೀರು ಎಟುಕುವಂತೆ ಇರಲಿ. ತಾನಾಗಿ ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ತಾಗಿಸಿ. ಬಾಯಿ ಅಗಲಿಸಿ ಸುರಿಯಬೇಡಿ. ಕೋಳಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ಸೀದಾ ಶ್ವಾಸಕೋಶಕ್ಕೆ ಹೋಗಬಹುದು.

ಆಮೇಲೆ ಒಂದು ಚೀಟಿಯಲ್ಲಿ ಬರೆದಿಡಿ: ಯಾವಾಗಿನಿಂದ ಹೀಗಿದೆ, ಏನು ತಿಂದಿತ್ತು, ಹಿಕ್ಕೆ ಹೇಗಿತ್ತು, ಕೊನೆಯ ಮೊಟ್ಟೆ ಯಾವತ್ತು, ಲಸಿಕೆ ಆಗಿದೆಯೇ. ಹಿಕ್ಕೆಯ ಒಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಡಾಕ್ಟರಿಗೆ ಇದಕ್ಕಿಂತ ಒಳ್ಳೆ ಸಹಾಯ ಬೇರೆ ಇಲ್ಲ.

ಮನೆಯ ಔಷಧಿ ಡಬ್ಬಿ ಮುಚ್ಚಿಡಿ

ನಮ್ಮ ಮಾತ್ರೆಗಳು 60 ಕಿಲೋ ತೂಗುವ ಮನುಷ್ಯರಿಗೆ ಅಂತ ಮಾಡಿದವು. ಕೋಳಿ ಇರುವುದೇ ಒಂದೂವರೆ ಎರಡು ಕಿಲೋ. "ಅರ್ಧ ಮಾತ್ರೆ" ಅನ್ನುವ ಲೆಕ್ಕ ಎಷ್ಟು ಅಪಾಯ ಎಂದು ನೀವೇ ಯೋಚಿಸಿ. ಮಕ್ಕಳಿಗೆ ತಂದು ಉಳಿದ ಆಂಟಿಬಯಾಟಿಕ್ ಅಂತೂ ಬೇಡವೇ ಬೇಡ. ಅದರ ಅಂಶ ಮೊಟ್ಟೆಗೂ ಇಳಿದು ತಿರುಗಿ ನಮ್ಮ ಮಕ್ಕಳ ತಟ್ಟೆಗೇ ಬರುತ್ತದೆ. ಡಾಕ್ಟರು ಕೊಟ್ಟ ಔಷಧಿಯೇ ಆದರೂ "ಎಷ್ಟು ದಿನ ಮೊಟ್ಟೆ ತಿನ್ನಬಾರದು?" ಅಂತ ಕೇಳಲು ಮರೆಯಬೇಡಿ. ಹೇನಿಗೆ ಎಂದು ಜಿರಲೆ ಸಾಯಿಸುವ ಸ್ಪ್ರೇ ಹೊಡೆಯುವುದು, ರಮ್ಮು ಕುಡಿಸುವುದು ಇವೆಲ್ಲ ಕೋಳಿಗೆ ಮಾಡುವ ಹಿಂಸೆ. ಹಳ್ಳಿಯ ಹಿರಿಯರು ಮರಳಿಗೆ ಒಲೆ ಬೂದಿ ಬೆರೆಸಿ ಕೋಳಿ ಹೊರಳಾಡಲು ಬಿಡುತ್ತಿದ್ದರು. ಹೇನು ಬಾರದಂತೆ ನೋಡಿಕೊಳ್ಳಲು ಇದು ಈಗಲೂ ಒಳ್ಳೆಯದೇ. ಬಂದು ಹೆಚ್ಚಾದರೆ ಡಾಕ್ಟರು ಬೇಕು.

ಇನ್ನು 'ಕೊಯ್ದು ಸಾರು ಮಾಡಿ' ಅನ್ನುವ ಸಲಹೆ. ಯಾವ ರೋಗ ಎಂದು ಗೊತ್ತಿಲ್ಲದ ಕೋಳಿಯನ್ನು ಕೊಯ್ದು, ಅದೇ ಮಣೆಯ ಮೇಲೆ ತರಕಾರಿ ಹೆಚ್ಚುವುದು ಜಾಣತನವಲ್ಲ. ಹಕ್ಕಿಜ್ವರ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅದು ಕಾಣಿಸಿಕೊಂಡಿತ್ತು. ನಾಲ್ಕಾರು ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಒಂದೇ ಕೋಳಿ ಸತ್ತರೂ ಕಸದ ಗಾಡಿಗೆ ಹಾಕಬೇಡಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿಸಿ. ಕೋಳಿ ಚೆನ್ನಾಗಿರುವಾಗಲೂ ಅದನ್ನು ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ, ಮುದ್ದು ಬಂತು ಅಂತ ಮುತ್ತಿಡುವುದು ಬೇಡ.

ನೂರು ರೂಪಾಯಿ ಕೋಳಿಗೆ ಡಾಕ್ಟರಾ?

ಈ ಪ್ರಶ್ನೆ ಮನೆಯಲ್ಲಿ ಬಂದೇ ಬರುತ್ತದೆ. ದುಡ್ಡಿನ ಲೆಕ್ಕದಲ್ಲಿ ಅದು ಸರಿಯೂ ಹೌದು. ಆದರೆ ಹತ್ತಿರದ ದನದ ಆಸ್ಪತ್ರೆಗೆ ಕೋಳಿಯನ್ನೂ ಕರೆದೊಯ್ಯಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚೂ ಹೆಚ್ಚಿರುವುದಿಲ್ಲ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ನಮ್ಮಲ್ಲಿ ಮನೆಮಾತಾಗಿರುವ ಗಿರಿರಾಜ ತಳಿಯ ಕೋಳಿ ಹುಟ್ಟಿದ್ದೇ ಅಲ್ಲಿ! ಸಾಕುನಾಯಿಯ ಡಾಕ್ಟರುಗಳೆಲ್ಲ ಕೋಳಿ ನೋಡುವುದಿಲ್ಲ, ಆದ್ದರಿಂದ ಕೋಳಿ ತಂದ ವಾರದಲ್ಲೇ ಯಾರು ನೋಡುತ್ತಾರೆ ಎಂದು ವಿಚಾರಿಸಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಕಾಯಿಲೆ ಬಂದ ದಿನ ಹುಡುಕಲು ಹೊರಟರೆ ಸಂಜೆಯಾಗಿರುತ್ತದೆ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಮನೆಯಲ್ಲಿ ಮಕ್ಕಳು ಎಲ್ಲ ನೋಡುತ್ತಿರುತ್ತಾರೆ. ತಾವು ಹೆಸರಿಟ್ಟು ಕರೆದ ಜೀವ ನರಳುವಾಗ ಅಪ್ಪ ಅಮ್ಮ ಏನು ಮಾಡಿದರು ಎಂಬುದು ಅವರ ಮನಸ್ಸಿನಲ್ಲಿ ಉಳಿಯುತ್ತದೆ. ಉಳಿಸಲು ಆಗದೇ ಹೋಗಬಹುದು. ಕೊಕ್ಕರೆ ರೋಗದಂಥದ್ದು ಬಂದರೆ ಡಾಕ್ಟರಿಗೂ ಹೆಚ್ಚೇನೂ ಮಾಡಲಾಗುವುದಿಲ್ಲ. ಆಗ ನರಳಾಟ ಕೊನೆಗೊಳಿಸಲು ಡಾಕ್ಟರನ್ನೇ ಕೇಳುವುದು, ಮಕ್ಕಳಿಗೆ ಸತ್ಯ ಹೇಳುವುದು ಒಳ್ಳೆಯದು. "ಕೋಳಿ ಊರಿಗೆ ಹೋಯ್ತು" ಎಂದು ಸುಳ್ಳು ಹೇಳಿ ರಾತ್ರಿ ಅದನ್ನೇ ಬಡಿಸಿದರೆ, ಮುಂದೆ ಗೊತ್ತಾದ ದಿನ ಅವರು ನಮ್ಮ ಬೇರೆ ಮಾತುಗಳನ್ನೂ ನಂಬಲಾರರು.

ಮಾಂಸಾಹಾರ ಬೇಕೋ ಬೇಡವೋ ಎಂಬ ಚರ್ಚೆ ನನ್ನದಲ್ಲ. ಅಂಗಡಿಯಿಂದ ಕೋಳಿ ತಂದು ಭಾನುವಾರ ಸಾರು ಮಾಡುವ ಮನೆಯಲ್ಲೂ ಹಿತ್ತಲಿನ ಸಾಕುಕೋಳಿ ಬೇರೆಯೇ. ಸಾಕುತ್ತೇವೆ ಅಂದ ಮೇಲೆ ಕಾಯಿಲೆಯ ದಿನವೂ ಅದು ಸಾಕುಕೋಳಿಯಾಗಿಯೇ ಇರಬೇಕು.

ಸ್ನೇಹಿತೆಯರೇ, ಮಗು ಶಾಲೆಯಿಂದ ಬಂದು ಬ್ಯಾಗ್ ಇಡುವ ರೀತಿಯಲ್ಲೇ ಅದಕ್ಕೆ ಮೈ ಸರಿಯಿಲ್ಲ ಎಂದು ಕಂಡುಹಿಡಿಯುವ ಕಣ್ಣು ನಿಮಗಿದೆ. ಅದೇ ಕಣ್ಣನ್ನು ಬೆಳಿಗ್ಗೆ ಗೂಡು ತೆಗೆಯುವಾಗ 5 ನಿಮಿಷ ಕೋಳಿಯ ಮೇಲೂ ಇಡಿ. ಯಾವ ರೋಗ ಎಂದು ಹೆಸರು ಹೇಳಲು ಬಾರದಿದ್ದರೂ ಪರವಾಗಿಲ್ಲ, ಅದು ಡಾಕ್ಟರ ಕೆಲಸ. "ನಿನ್ನೆಗಿಂತ ಇವತ್ತು ಏನೋ ಬೇರೆ ಥರ ಇದೆ" ಎಂದು ನಿಮಗೆ ಅನಿಸಿದರೆ, ಯಾರು ನಕ್ಕರೂ ನಗಲಿ, ಆ ಅನಿಸಿಕೆಯನ್ನು ನಂಬಿ, ಅವತ್ತೇ ಹೊರಡಿ.