ಹಸುವಿನ ಮೇವು ಮತ್ತು ಸುಂಕದ ರಿಯಾಯಿತಿ

ಅಮೆರಿಕದ ಹಸು ಏನು ತಿನ್ನುತ್ತದೆ ಎಂಬುದಕ್ಕೂ ಭಾರತದ ಚರ್ಮದ ಚೀಲಕ್ಕೆ ಆ ದೇಶದ ಬಂದರಿನಲ್ಲಿ ಬೀಳುವ ಸುಂಕಕ್ಕೂ ಏನು ಸಂಬಂಧ? ಸಂಬಂಧ ಇದೆಯೆಂದು 2019ರಲ್ಲಿ ಗೊತ್ತಾಯಿತು.

ಬಡ ರಾಷ್ಟ್ರಗಳು ಹತ್ತಿ, ಅದಿರು, ಕಾಫಿಬೀಜಗಳನ್ನಷ್ಟೇ ಮಾರುತ್ತಿದ್ದರೆ ಮೇಲೇಳಲಾರವು, ಅವು ತಯಾರಿಸಿದ ವಸ್ತುಗಳಿಗೂ ಶ್ರೀಮಂತ ದೇಶಗಳು ಬಾಗಿಲು ತೆರೆಯಬೇಕು ಎಂದು ವಾದಿಸಿದವರು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಷ್. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ ಮೊದಲ ಮಹಾಕಾರ್ಯದರ್ಶಿ ಅವರು. 1968ರಲ್ಲಿ ನವದೆಹಲಿಯಲ್ಲಿ ನಡೆದ ಎರಡನೆಯ ಅಧಿವೇಶನದಲ್ಲಿ ಈ ವಾದಕ್ಕೆ ಒಪ್ಪಿಗೆ ಸಿಕ್ಕಿತು. ಯಾವ ದೇಶದಿಂದ ಬಂದರೂ ಸರಕಿಗೆ ಒಂದೇ ಸುಂಕ ಎಂಬುದು ಗ್ಯಾಟ್ ಒಪ್ಪಂದದ ಮೂಲ ನಿಯಮ. ಅದರಿಂದ 1971ರಲ್ಲಿ ಹತ್ತು ವರ್ಷಗಳ ವಿನಾಯಿತಿ ದೊರೆಯಿತು. 1979ರಲ್ಲಿ ಅದು ಕಾಯಂ ಆಯಿತು. ರಿಯಾಯಿತಿ ಪಡೆದ ದೇಶ ಬದಲಿಗೆ ಏನನ್ನೂ ಕೊಡಬೇಕಾಗಿಲ್ಲ ಎಂಬುದು ಆಗಿನ ಮಾತು.

ಆದರೆ ರಿಯಾಯಿತಿ ಕೊಡಬಹುದು ಎಂದಾಯಿತೇ ಹೊರತು ಕೊಡಲೇಬೇಕು ಎಂದಾಗಲಿಲ್ಲ. ಯಾರಿಗೆ, ಯಾವ ಸರಕಿಗೆ ಎಂಬುದೆಲ್ಲ ಕೊಡುವವರ ಇಷ್ಟ. 1976ರ ಜನವರಿಯಲ್ಲಿ ಯೋಜನೆ ಆರಂಭಿಸಿದ ಅಮೆರಿಕ ಬಟ್ಟೆಬರೆ, ಪಾದರಕ್ಷೆಗಳಲ್ಲಿ ಬಹುಪಾಲನ್ನು ಹೊರಗಿಟ್ಟಿತು. ಬಡ ದೇಶಗಳು ಸುಲಭವಾಗಿ ತಯಾರಿಸಬಲ್ಲ ಸರಕುಗಳು ಅವೇ ತಾನೆ! ಅಮೆರಿಕದ ಸರಕಿಗೂ ಆ ದೇಶಗಳ ಮಾರುಕಟ್ಟೆಯಲ್ಲಿ ನ್ಯಾಯವಾದ ಅವಕಾಶ ಇದೆಯೇ ಎಂದು ನೋಡುವ ಅಂಶವೂ ಅಲ್ಲಿನ ಕಾಯಿದೆಯಲ್ಲಿದೆ.

ಭಾರತಕ್ಕೆ ಮುಳ್ಳಾದದ್ದು ಈ ಅಂಶವೇ. ಕಸಾಯಿಖಾನೆಯ ರಕ್ತವನ್ನು ಒಣಗಿಸಿದರೆ ಪ್ರೋಟೀನ್ ಹೇರಳವಾಗಿರುವ ಪುಡಿ ಸಿಗುತ್ತದೆ. ಅದನ್ನು ದನದ ಮೇವಿಗೆ ಬೆರೆಸುವುದುಂಟು. ಮೆಲುಕು ಹಾಕುವ ಪ್ರಾಣಿಗಳ ರಕ್ತ, ಒಳಾಂಗಗಳನ್ನು ಬೆರೆಸಿದ ಮೇವು ತಿಂದ ಹಸುವಿನ ಹಾಲಿನ ಪದಾರ್ಥ ನಮಗೆ ಬೇಡ, ಪ್ರಮಾಣಪತ್ರ ಕೊಡಿ ಎಂದಿತು ಭಾರತ. ಅಲ್ಲಿನ ಹೈನೋದ್ಯಮದವರು ದೂರು ಕೊಟ್ಟರು. ಅವರ ಜೊತೆ ವೈದ್ಯಕೀಯ ಉಪಕರಣ ತಯಾರಕರೂ ಸೇರಿಕೊಂಡರು. ಹೃದಯದ ರಕ್ತನಾಳ ಹಿಗ್ಗಿಸಲು ಬಳಸುವ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಭಾರತ ಗರಿಷ್ಠ ಬೆಲೆ ಕಟ್ಟಿತ್ತು: ಸಾಮಾನ್ಯ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600. ಬಡ ರೋಗಿಗೆ ಆದ ಉಪಕಾರ ತಯಾರಕರ ಲೆಕ್ಕದಲ್ಲಿ ಅನ್ಯಾಯ.

2019ರ ಜೂನ್ 5ರಂದು ಭಾರತದ ರಿಯಾಯಿತಿ ರದ್ದಾಯಿತು. 2017ರಲ್ಲಿ ಸುಮಾರು 560 ಕೋಟಿ ಡಾಲರಿನ ಭಾರತೀಯ ಸರಕು ಈ ಯೋಜನೆಯಡಿ ಅಮೆರಿಕಕ್ಕೆ ಹೋಗಿತ್ತು. ಉಳಿಯುತ್ತಿದ್ದ ಸುಂಕ ಕೇವಲ 19 ಕೋಟಿ ಡಾಲರ್ ಎಂದು ನಮ್ಮ ಸರ್ಕಾರ ಸಮಾಧಾನ ಹೇಳಿತು. ದೇಶದ ಲೆಕ್ಕಕ್ಕೆ ಇದು ಸರಿಯೇ. ಚೀಲ ಹೊಲಿಸುವವನ ಲೆಕ್ಕ ಬೇರೆ. ಬಂದರಿನಲ್ಲಿ ಸುಂಕ ಕಟ್ಟುವವನು ಅಮೆರಿಕದ ಆಮದುದಾರ. 50 ಡಾಲರಿನ ಚೀಲಕ್ಕೆ ಶೇಕಡಾ 9ರಂತೆ ನಾಲ್ಕೂವರೆ ಡಾಲರ್ ತೆರಬೇಕಾಗಿ ಬಂದರೆ, ಅವನು ಅಷ್ಟನ್ನೂ ಬೆಲೆಯಲ್ಲಿ ಇಳಿಸಿಕೊಡು ಎನ್ನುತ್ತಾನೆ, ಇಲ್ಲವೇ ಬೇರೆ ದೇಶದತ್ತ ತಿರುಗುತ್ತಾನೆ.

2020ರ ಡಿಸೆಂಬರ್ 31ಕ್ಕೆ ಅಮೆರಿಕದ ಆ ಯೋಜನೆಯ ಅವಧಿಯೇ ಮುಗಿಯಿತು. ಯಾರ ದೂರೂ ಇಲ್ಲದಿದ್ದ ಅನೇಕ ದೇಶಗಳ ಸರಕಿಗೂ ಆಗ ಪೂರ್ತಿ ಸುಂಕ ಬಿತ್ತು.